ಬಲಗಡೆಯ ಜೇಬು

ಮುಖ ನೋಡಿ ಮಣೆ ಹಾಕುವವರು ಬೇರೆ.
ನಾನು ಕೈ ನೋಡುತ್ತೇನೆ.
ಪ್ಯೂಬ್ಲೊದ ಈ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯ ಹಿಂದೆ,
ಇಪ್ಪತ್ತಮೂರು ವರ್ಷ:
ಬೆರಳು ಉದ್ದವೋ ಗಿಡ್ಡವೋ, ಅಂಗೈ ಬೆವರುತ್ತದೋ,
ಉಗುರಲ್ಲಿರುವುದು ಮಸಿಯೋ ಬಣ್ಣವೋ.

ಎರ್ಮಾ ಜುಪಾನಳದು
ಬ್ಲೀಚಿನಲ್ಲಿ ಬೆಂದು ಬೆಳ್ಳಗಾದ ಕೈ.
ಹೆಬ್ಬೆರಳ ಬುಡ ಊದಿ, ಶುಂಠಿಯ ಗೆಣ್ಣಿನಂತೆ.
ಉಕ್ಕಿನ ಕಾರ್ಖಾನೆಯ ಬೀದಿಯಲ್ಲಿ
ಹದಿನಾಲ್ಕು ಮಶೀನಿನ ಲಾಂಡ್ರಿ ಅವಳದು;
ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆದು
ಚಿಲ್ಲರೆಯ ಚೀಲ ಹೊತ್ತು ಕಾರಿನವರೆಗೆ
ನಲವತ್ತೊಂದು ಹೆಜ್ಜೆ.
ಎಣಿಸಿದ್ದೀಯಾ ಅಂದೆ.
"ಫೆಬ್ರವರಿಯಿಂದ ಎಣಿಸ್ತಿದೀನಿ" ಅಂದಳು.
ಫೆಬ್ರವರಿಯಲ್ಲಿ ಏನಾಯಿತು ಅಂತ
ನಾನು ಕೇಳಲಿಲ್ಲ. ಈ ಕಸುಬಿನಲ್ಲಿ
ಆ ಗಂಟನ್ನು ಗಿರಾಕಿಯೇ ಬಿಚ್ಚಬೇಕು.

ಮೊದಲು ಕೇಳಿದ್ದು ಎಲ್ಲರೂ ಕೇಳುವುದನ್ನೇ:
ಎಲ್ಲಕ್ಕಿಂತ ಸಣ್ಣದು ಕೊಡು, ಹಗುರದ್ದು.
ಕೊಟ್ಟೆ. ಅಂಗೈಯೊಳಗೆ ಅಡಗಿತು,
ಸವೆದ ಸೋಪಿನ ಹಾಗೆ.
ಮುದ್ದಾಗಿದೆ ಅಂದಳು. ಅಂಗಡಿಯ ಹಿಂದಿನ ರೇಂಜಿಗೆ ಕರೆದೊಯ್ದೆ.
ಒಂದೇ ಗುಂಡು.
ಹಗುರ ಇದ್ದದ್ದು ಹಗುರಾಗಿ ಒದೆಯುವುದಿಲ್ಲ, ಎರ್ಮಾ,
ಭಾರ ಇದ್ದರೆ ಪೆಟ್ಟನ್ನು ತಾನು ನುಂಗುತ್ತದೆ,
ಇಲ್ಲದಿದ್ದರೆ ನಿನಗೇ ಬಡಿಸುತ್ತದೆ.
ಮಣಿಕಟ್ಟು ಹಿಡಿದುಕೊಂಡು ನಕ್ಕಳು:
"ನನ್ನ ಎರಡನೇ ಗಂಡನೂ ಹೀಗೇ. ಗಿಡ್ಡ."

ಮುಂದಿನ ವಾರ ಕೊಂಚ ದೊಡ್ಡದು ತೋರಿಸಿದೆ.
ಅದರ ಸ್ಲೈಡು ಹಿಂದಕ್ಕೆಳೆಯಬೇಕು,
ಒಂದು ಕೈ ನೂಕಿ, ಒಂದು ಕೈ ಜಗ್ಗಿ.
ಹೆಬ್ಬೆರಳು ಕೈಕೊಟ್ಟಿತು.
ಮತ್ತೆ ಜಗ್ಗಿದಳು. ಸ್ಪ್ರಿಂಗು ಕದಲಲಿಲ್ಲ.
ಭರಣಿಯ ಮುಚ್ಚಳವನ್ನು ಬೈಯುವ ಹಾಗೆ
ಅಜ್ಜಿಯ ಸ್ಲೊವೇನಿಯನ್ನಿನಲ್ಲಿ ಏನೋ ಬೈದಳು.
ರಿವಾಲ್ವರ್ ಕೊಟ್ಟೆ, ಐದು ಗುಂಡಿನದು, ಜಗ್ಗುವಂಥದ್ದೇನಿಲ್ಲ;
ಆದರೆ ಅದರ ಕುದುರೆ ಹನ್ನೆರಡು ಪೌಂಡಿನ ಹಠಮಾರಿ.
ಬೆರಳು ನಡುಗಿ
ಗುಂಡು ಕಾಗದ ಬಿಟ್ಟು ಗೋಡೆಗೆ ಬಿತ್ತು.

ಆಮೇಲೆ ನಾನೇ ಹುಡುಕಿದೆ, ಕಪಾಟಿನ ತಳದಲ್ಲಿ,
ಯಾರೋ ವಿಧವೆ ಮಾರಿಹೋಗಿದ್ದ ಹಳೆಯ ಇಟಲಿಯದು.
ಒಂದು ಸನ್ನೆ ಒತ್ತಿದರೆ ನಳಿಗೆ
ಹಕ್ಕಿಮರಿಯ ಹಾಗೆ ಬಾಯ್ದೆರೆದು ಮೇಲೇಳುತ್ತದೆ;
ತುತ್ತಿಟ್ಟ ಹಾಗೆ ಗುಂಡಿಟ್ಟು ಮುಚ್ಚಿದರಾಯಿತು.
ಮೂವತ್ತೆರಡರ ಸಣ್ಣ ಗುಂಡು. ದೊಡ್ಡ ಮಾತಾಡುವವರು
ಇದನ್ನು ಕಂಡರೆ ಮೂಗು ಮುರಿಯುತ್ತಾರೆ.
ಮುರಿಯಲಿ.
ಎಂಟರಲ್ಲಿ ಆರು ಕಾಗದದೊಳಗೆ.
ಈ ಸಲ ಅವಳು ನಗಲಿಲ್ಲ.

ಎಲ್ಲಿಡ್ತೀಯ ಅಂದೆ. "ಇಲ್ಲಿ"
ಅಂತ ಏಪ್ರನ್ನಿನ ಬಲಜೇಬು ತಟ್ಟಿದಳು.
ಅದು ಖಣಖಣ ಅಂದಿತು.
ಆ ಜೇಬಿನಲ್ಲಿ ಬೇರೇನೂ ಇರಕೂಡದು.
ಕುದುರೆ ಮುಚ್ಚುವ ಚರ್ಮದ ಒರೆ, ಒರೆಯೊಳಗೆ ಅದು, ಅಷ್ಟೇ.
ಒಂದು ಕೀಲಿಕೈ, ಒಂದು ಪೆನ್ನಿನ ಮುಚ್ಚಳ ಸಾಕು,
ಕುದುರೆಗೆ ಸಿಕ್ಕಿ ನಿನ್ನ ತೊಡೆ ಸೀಳಲು.

ಗಾಜಿನ ಮೇಲೆ ಖಾಲಿ ಮಾಡಿದಳು:
ಕಾಲು ಡಾಲರಿನ ನಾಣ್ಯ ಒಂದು ಹಿಡಿ,
ಮೂರನೇ ಡ್ರೈಯರಿನ ಕೀಲಿಕೈ,
ಪೆಪ್ಪರ್ಮಿಂಟು, ಕರಗಿ ಕಾಗದಕ್ಕಂಟಿದ್ದು,
ಯಾರ್ಯಾರದೋ ಅಂಗಿಯ ಗುಂಡಿ ನಾಲ್ಕು,
ಕೂಸಿನ ಕಾಲುಚೀಲ, ಒಂಟಿ, ಹಳದಿ.
"ಕೇಳಿಕೊಂಡು ಬರ್ತಾರೆ" ಅಂದಳು.
"ಎರಡು ವರ್ಷ ಆಯ್ತು."

ಗುಂಡಿ ಇದ್ದ ಜೇಬಿಗೆ ಗುಂಡು.
ತಲೆ ತಗ್ಗಿಸಿ ರಸೀದಿ ಬರೆದೆ.
ಕಾಗದಪತ್ರ, ಸಹಿ, ಮೂರು ದಿನ ಕಾಯುವುದು.

ಅಕ್ಟೋಬರಿನಲ್ಲಿ ಕಂಬಳಿ ಒಗೆಯಲು ಅವಳಲ್ಲಿಗೆ ಹೋದೆ.
ಏಪ್ರನ್ನಿಗೆ ಎಡಗಡೆ ಹೊಸ ಜೇಬು, ಬೇರೆ ಬಟ್ಟೆಯದು,
ದಪ್ಪ ಹೊಲಿಗೆ.
ಹುಡುಗನೊಬ್ಬ ನೋಟು ಚಾಚಿ ಚಿಲ್ಲರೆ ಕೇಳಿದ.
ಅವಳ ಬಲಗೈ
ಬಲಕ್ಕೆ ಹೋಯಿತು. ಜೇಬಿನ ಬಾಯಲ್ಲಿ
ನಿಂತಿತು.
ಹುಡುಗ ಕಾದ.
ಎಡಗೈಯಿಂದ ಎಡವಟ್ಟಾಗಿ ನಾಣ್ಯ ತೆಗೆದು
ಎಣಿಸಿ ಕೊಟ್ಟಳು; ಒಂದು ಕೆಳಗೆ ಬಿದ್ದು
ಮಶೀನಿನಡಿ ಉರುಳಿತು.
ಪೆಪ್ಪರ್ಮಿಂಟು ಕೊಡಲಿಲ್ಲ. ಮರೆತಳೇನೋ.

ಕಂಬಳಿ ಇನ್ನೂ ಇಪ್ಪತ್ತು ನಿಮಿಷ ತಿರುಗುವುದಿತ್ತು.
ಸುಮ್ಮನಿರಲಾರದೆ ಕೇಳಿದೆ:
ಈಗ ಎಷ್ಟು ಹೆಜ್ಜೆ?
"ನಲವತ್ತೊಂದು" ಅಂದಳು.
"ನೆಲ ಏನು ಕುಗ್ಗುತ್ತದಾ?"